ತಾತ ಅಳಿಸಿದ ಗೆರೆ

ಹೊರಗೆ ಕಾಲಿಡಲೂ ಹೆದರುತ್ತಿದ್ದ ದಿನಗಳವು. 2020ರ ಬೇಸಿಗೆ, ನನಗೆ ಹನ್ನೆರಡು. ಬೆಂಗಳೂರಿನಿಂದ ಬಂದಿದ್ದ ತಾತ ಸ್ಯಾನ್ ಡಿಯಾಗೋದ ನಮ್ಮ ಅಪಾರ್ಟ್‌ಮೆಂಟಿನಲ್ಲೇ ಸಿಕ್ಕಿಬಿದ್ದಿದ್ದರು. ಮನೆಯೆಲ್ಲ ಒಗ್ಗರಣೆಯ ಜೊತೆ ಸ್ಯಾನಿಟೈಸರ್ ವಾಸನೆ.

ಉಳಿದ ಮಕ್ಕಳಿಗೆ ರಾಜಕುಮಾರಿಯ ಕಥೆ, ನನಗೆ ತಾತ ಹೇಳುತ್ತಿದ್ದದ್ದು ಒಂದು ಬ್ರಿಟಿಷ್ ವಿಮಾನ ಕಂಪನಿಯ ಕಥೆ. ಅದು ಬೇರೆಯವರ ವಿಮಾನಗಳಿಗೆ ರೆಕ್ಕೆ, ಬಾಲ ಮಾಡಿಕೊಟ್ಟು ಬದುಕಿದ್ದು, ಕೊನೆಗೆ ತನ್ನದೇ ಪುಟ್ಟ ಯುದ್ಧವಿಮಾನ ಮಾಡಿದ್ದು, ಅಷ್ಟರಲ್ಲೇ ದೊಡ್ಡ ಕಂಪನಿಯೊಂದು ಅದನ್ನು ನುಂಗಿ ನೀರು ಕುಡಿದದ್ದು. ಆ ಪುಟ್ಟ ವಿಮಾನವನ್ನೇ ತಾತ ಬೆಂಗಳೂರಿನ ಕಾರ್ಖಾನೆಯಲ್ಲಿ ಜೋಡಿಸುತ್ತಿದ್ದರು.

ಅಲ್ಲಿ ಹಲಗೆಯ ಮೇಲೆ ಪ್ರತಿ ಉಪಕರಣದ ಆಕಾರಕ್ಕೂ ಗೆರೆ ಎಳೆದಿರುತ್ತಿತ್ತಂತೆ. ಒಂದು ಗೆರೆ ಖಾಲಿಯಿದ್ದರೂ ವಿಮಾನದ ಮುಚ್ಚಳ ಹಾಕುವಂತಿಲ್ಲ. ಒಳಗೆ ಮರೆತ ವಸ್ತು ಆಕಾಶದಲ್ಲಿ ಪೈಲಟ್ಟಿನ ಪ್ರಾಣ ತೆಗೆದೀತು. ತಾತ ನಮ್ಮ ಅಡುಗೆಮನೆಯ ಡ್ರಾಯರಿಗೂ ಕಾಗದ ಹಾಸಿ ಚಮಚ, ಸೌಟುಗಳ ಗೆರೆ ಎಳೆದರು. ಅಮ್ಮ ಗೊಣಗಿಕೊಂಡೇ ಒಪ್ಪಿದಳು. ಚಮಚ ಬಚ್ಚಿಟ್ಟು ಸತಾಯಿಸುವುದು ನನ್ನ ಆಟ. ಒಮ್ಮೆ ತಾತ ನಡುರಾತ್ರಿಯವರೆಗೂ ಹುಡುಕುತ್ತಿದ್ದುದು ಕಂಡು ಬಿಟ್ಟುಬಿಟ್ಟೆ.

ಒಂದು ಗೆರೆ ಮಾತ್ರ ನಮ್ಮಲ್ಲಿಲ್ಲದ ವಸ್ತುವಿನದು: ವಿಮಾನದ ಸಂದಿಗಳೊಳಗೆ ಇಣುಕಿ ನೋಡುವ, ಉದ್ದ ಹಿಡಿಯ ದುಂಡು ಕನ್ನಡಿ. ಕೇಳಿದ್ದಕ್ಕೆ ತಾತ ಆ ಗೆರೆಯ ಮೇಲೆ ಬೆರಳಾಡಿಸಿದರು.

"ಕಾರ್ಖಾನೇಲಿ ಕಳೆದುಹೋಗಿತ್ತು ಪುಟ್ಟಿ. ಲೆಕ್ಕ ಸರಿಯಿದೆ ಅಂತ ಸಹಿ ಹಾಕ್ಬಿಟ್ಟೆ. ಆ ವಿಮಾನ ಉಳೀತೋ ಬಿತ್ತೋ, ಕೇಳೋಕೆ ಧೈರ್ಯ ಬರ್ಲಿಲ್ಲ."

ಆಗಸ್ಟಿನಲ್ಲಿ ಕ್ಯಾಲಬಾಸಸ್ ಊರಿನ ದೇವಸ್ಥಾನಕ್ಕೆ ಹೊರಗಿನಿಂದಲೇ ಕೈಮುಗಿದು ಬರುವಾಗ, ತಾತನಿಗೆ ಖುಷಿಯಾಗಲೆಂದು ಅಪ್ಪ ಲಾಸ್ ಏಂಜಲೀಸ್ ಹತ್ತಿರ ಹಳೆಯ ವಿಮಾನಗಳನ್ನಿಟ್ಟ ಬಯಲಿಗೆ ಡ್ರೈವ್ ಮಾಡಿದರು. ಸುಡುಬಿಸಿಲು, ಗೇಟಿನವನ ಹೊರತು ನರಪಿಳ್ಳೆಯಿಲ್ಲ. ಮೂಲೆಯಲ್ಲಿ ಅದೇ ಮಾದರಿಯ ಪುಟ್ಟ ವಿಮಾನ. ನಂಬರಿನ ಮೇಲೆ ಬಣ್ಣ ಬಳಿದಿದ್ದರು.

ತಾತ ಬೆರಳ ಗೆಣ್ಣಿನಿಂದ ಅದರ ಹೊಟ್ಟೆಯನ್ನು ತಟ್ಟಿದರು. ಒಳಗೆ ಏನೋ ಕಿಣಿಕಿಣಿ ಉರುಳಿ ನಿಂತಿತು. ಮತ್ತೆ ತಟ್ಟಿದರು. ಈ ಸಲ ಸದ್ದು ನಮ್ಮ ಹತ್ತಿರಕ್ಕೇ ಬಂದು ನಿಂತಿತು.

"ಅದೇ ಇದು," ಎಂದರು ತಾತ. "ಬಿದ್ದಿಲ್ಲ."

ಹೊರಡುವಾಗ ಅಪ್ಪ ಗೇಟಿನವನನ್ನು ವಿಚಾರಿಸಿದರು. ಆ ವಿಮಾನದ ಒಳಗಿನದೆಲ್ಲ ಎಂದೋ ಬಿಚ್ಚಿ ಒಯ್ದಿದ್ದಾರೆ, ಬರೀ ಟೊಳ್ಳು ಎಂದನಂತೆ ಅವನು. ತಾತ ಆಗಲೇ ಕಾರಿನಲ್ಲಿ ಕಣ್ಣುಮುಚ್ಚಿ ಕೂತಿದ್ದರು. ಅಪ್ಪ ನನ್ನ ಮುಖ ನೋಡಿದರು, ತಾತನಿಗೆ ಹೇಳಬೇಡಿ ಎಂಬಂತೆ ನಾನು ತಲೆಯಾಡಿಸಿದೆ.

ಅಂದು ಸಂಜೆ ತಾತ ಕನ್ನಡಿಯ ಗೆರೆಯನ್ನು ಅಳಿಸಿದರು. ಮರುವರ್ಷ ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ನಮ್ಮ ಮನೆಯಲ್ಲಿ ಚಮಚ ಎಣಿಸುವವರಿಲ್ಲ. ಕಳೆದರೆ ಹೊಸದು ತರುತ್ತೇವೆ. ಆ ಕಾಗದ ಮಾತ್ರ ನನ್ನ ಹತ್ತಿರವಿದೆ. ಅಳಿಸಿದ ಗೆರೆ ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಅದನ್ನು ಸವರಿದಾಗಲೆಲ್ಲ, ಲೆಕ್ಕ ಸರಿಯಿದೆಯೆಂದು ಅಂದು ನಾನೂ ಸಹಿ ಹಾಕಿದೆ ಅನ್ನಿಸುತ್ತದೆ.