ಮಾರ್ಲಿಸ್ ಹುಡುಕಿ ತೆಗೆದ ನಾಲ್ಕು ಕ್ರೆಡಿಟ್

ಬೆಳಗಿನ ಐದೂಮುಕ್ಕಾಲು. ಮಿನೆಸೋಟದ ಟಾರ್ವಿಕ್ ಕಾಲೇಜಿನ ನೆಲಮಾಳಿಗೆಯ ಕಚೇರಿಯಲ್ಲಿ ಮಾರ್ಲಿಸ್ ಟ್ವೈಟ್ ಕಾಫಿ ಲೋಟವನ್ನು ಕಂಪ್ಯೂಟರಿನಿಂದ ಮೊಳ ದೂರ ಸರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೂರುತ್ತಾರೆ. ಜುಲೈ ಮೊದಲ ವಾರ. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಮಕ್ಕಳು ಬರೆದ ಎಪಿ ಪರೀಕ್ಷೆಯ ಅಂಕಗಳು ಬಂದಿಳಿದಿವೆ.

"ಅಯ್ಯೋ, ಈ ಹುಡುಗಿ ನೋಡು! ಭೌತಶಾಸ್ತ್ರದಲ್ಲಿ ಐದಕ್ಕೆ ಐದು, ಸಂಗೀತದಲ್ಲೂ ಐದು. ಇವ್ಳು ನಿದ್ದೆ ಯಾವಾಗ ಮಾಡಿದ್ಳೋ!" ಎಂದು ಖಾಲಿ ಕೋಣೆಗೆ ಹೇಳಿ ನಗುತ್ತಾರೆ.

ಒಂಬೈನೂರು ವಿದ್ಯಾರ್ಥಿಗಳ ಪುಟ್ಟ ಕಾಲೇಜು ಇದು. ಕಾವ್ಯ ಓದುವವರೂ ಕಲ್ಲುಬಂಡೆಗಳ ಬಗ್ಗೆ ಒಂದಿಷ್ಟು ಕಲಿಯಬೇಕು, ಗಣಿತದವರೂ ಒಂದು ಭಾಷೆ ಕಲಿಯಬೇಕು. ಪದವಿಗೆ ಬೇಕಾದ್ದು ನೂರಾ ಇಪ್ಪತ್ತೆಂಟು ಕ್ರೆಡಿಟ್. ಯಾರ ಯಾವ ಅಂಕ ಇಲ್ಲಿನ ಯಾವ ಪಾಠಕ್ಕೆ ಸಮ ಎಂದು ತೀರ್ಮಾನಿಸಿ ಕ್ರೆಡಿಟ್ ಬರೆಯುವುದು ಮಾರ್ಲಿಸ್ ಕೆಲಸ. ಇಪ್ಪತ್ತಾರು ವರ್ಷದಿಂದ ಇದೇ ಕಚೇರಿಯಲ್ಲಿದ್ದಾರೆ. ಈ ಸಲ ಇನ್ನೂರ ಹನ್ನೆರಡು ಹೊಸಬರು, ನಾನೂರಕ್ಕೂ ಹೆಚ್ಚು ಅಂಕಪಟ್ಟಿ. ದಿನಕ್ಕೆ ನಲವತ್ತು ಮುಗಿಸುತ್ತಾರೆ. ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ.

"ನಲವತ್ತೊಂದನೇದ್ರಲ್ಲಿ ಕಣ್ಣು ತಪ್ಪು ಮಾಡತ್ತೆ. ನಂಗೆ ಅದು ಒಂದು ಸಾಲು. ಆ ಮಗೂಗೆ ಅದು ಒಂದು ವರ್ಷ," ಎನ್ನುತ್ತಾರೆ.

ಅವರ ವಯಸ್ಸು ಅರವತ್ತೊಂದು. ಹುಟ್ಟಿದ್ದು ಎಂಟು ಮೈಲಿ ಆಚೆಯ ಹೈನುಗಾರಿಕೆಯ ಮನೆಯಲ್ಲಿ. ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ಅಪ್ಪ ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಅರವತ್ತು ಹಸುಗಳ ಹಾಲು ಕರೆಯುವುದು ಮಗಳ ಪಾಲಿಗೆ ಬಂತು, ಕಾಲೇಜು ತಪ್ಪಿತು. ಮುಂದೆ ಮದುವೆ, ಇಬ್ಬರು ಮಕ್ಕಳು. ಮೂವತ್ತೈದನೆಯ ವಯಸ್ಸಿನಲ್ಲಿ ಟೈಪಿಸ್ಟ್ ಆಗಿ ಈ ಕಚೇರಿಗೆ ಬಂದವರು ಇಲ್ಲೇ ಉಳಿದರು. ಮೂರು ಸಲ ಕಂಪ್ಯೂಟರ್ ವ್ಯವಸ್ಥೆ ಬದಲಾಯಿತು, ಮೂರು ಸಲವೂ ಮೊದಲಿಂದ ಕಲಿತರು. ಪಾಠಕ್ರಮದ ಹಳೆಯ ಕೈಪಿಡಿಗಳನ್ನು ಕಚೇರಿಯವರು ರದ್ದಿಗೆ ಹಾಕಲು ಹೊರಟಾಗ ಅಷ್ಟನ್ನೂ ತಮ್ಮ ಮೇಜಿನ ಕೆಳಗೆ ಪೇರಿಸಿಕೊಂಡರು. ಅವರಿಗೆ ಕಾಲು ಚಾಚಲು ಇವತ್ತಿಗೂ ಜಾಗವಿಲ್ಲ.

ಈ ವಸಂತದಲ್ಲಿ ಆ ಕೈಪಿಡಿಗಳೇ ಒಬ್ಬಳ ಬದುಕಿಗೆ ಬೇಕಾದವು.

ಇಟ್ಸೆಲ್ ಬರ್ರಗಾನ್ ಕಾಲೇಜಿನ ಊಟದ ಮನೆಯಲ್ಲಿ ಬ್ರೆಡ್ಡು ಸುಡುವವಳು. ಹದಿನೇಳು ವರ್ಷದ ಹಿಂದೆ ಇದೇ ಕಾಲೇಜಿಗೆ ಸೇರಿದ್ದಳು. ತಾಯಿ ಕಾಯಿಲೆ ಬಿದ್ದಾಗ ಮೂರನೆಯ ವರ್ಷದಲ್ಲಿ ಬಿಟ್ಟಳು. ಎರಡು ವರ್ಷದ ಹಿಂದೆ ಧೈರ್ಯ ಮಾಡಿ ಮತ್ತೆ ಸೇರಿ, ಬೆಳಿಗ್ಗೆ ಒಲೆ, ಮಧ್ಯಾಹ್ನ ತರಗತಿ ಎಂದು ಓದಿದಳು. ಊರಿನ ಶಾಲೆ ಅವಳನ್ನು ಸ್ಪ್ಯಾನಿಷ್ ಟೀಚರಾಗಿ ಆರಿಸಿತ್ತು. ಷರತ್ತು ಒಂದೇ, ಆಗಸ್ಟಿನೊಳಗೆ ಪದವಿ ಕೈಯಲ್ಲಿರಬೇಕು. ಏಪ್ರಿಲಿನಲ್ಲಿ ಮಾರ್ಲಿಸ್ ಅವಳ ಕಡತ ಕೂಡಿ ನೋಡಿದರೆ ನೂರಾ ಇಪ್ಪತ್ನಾಲ್ಕೇ! ಒಂದು ಪಾಠದಷ್ಟು ಕೊರತೆ. ಬೇಸಿಗೆಯಲ್ಲಿ ತರಗತಿಗಳಿಲ್ಲ.

ಮಾರ್ಲಿಸ್ ತಾವೇ ಊಟದ ಮನೆಗೆ ಹೋದರು. ಸುದ್ದಿ ಕೇಳಿ ಇಟ್ಸೆಲ್ ಹಿಟ್ಟಿನ ಕೈಯಲ್ಲೇ ಸ್ಟೂಲಿನ ಮೇಲೆ ಕೂತಳು.

"ಹೋಗ್ಲಿ ಬಿಡಿ ಮಾರ್ಲಿಸ್. ನನ್ನ ಹಣೇಲಿ ಬರೆದಿಲ್ಲ."

"ಹಣೆ ಆಮೇಲೆ ನೋಡಣ. ಹೈಸ್ಕೂಲಲ್ಲಿ ಎಪಿ ಏನಾದ್ರೂ ಬರ್ದಿದ್ಯಾ?"

"ಸ್ಪ್ಯಾನಿಷ್ ಬರ್ದಿದ್ದೆ. ಅಂಕ ಎಷ್ಟು ಬಂತು ಅಂತಾನೂ ನೋಡ್ಲಿಲ್ಲ, ಕಾಲೇಜಿಗೂ ಕಳಿಸ್ಲಿಲ್ಲ. ಮನೆ ಮಾತಿಗೂ ಕ್ರೆಡಿಟ್ ಕೇಳೋದಾ ಅಂತ ನಾಚಿಕೆ ಆಯ್ತು."

"ಅಲ್ವೇ ಹುಡ್ಗಿ, ಮನೇಲಿ ಇಂಗ್ಲಿಷ್ ಮಾತಾಡೋ ಮಕ್ಕಳು ಇಂಗ್ಲಿಷ್ ಪರೀಕ್ಷೆ ಬರ್ದು ಕ್ರೆಡಿಟ್ ಈಸ್ಕೊಳ್ತಾರೆ. ಅವ್ರಲ್ಲಿ ಒಬ್ರಾದ್ರೂ ನಾಚ್ಕೊಂಡಿದ್ದು ನಾನು ನೋಡಿಲ್ಲ. ಕೈ ತೊಳ್ಕೊ, ಅರ್ಜಿ ಬರಿ!"

ಹಳೆಯ ಅಂಕ ತರಿಸಲು ಅರ್ಜಿ ಹೋಯಿತು. ಅಷ್ಟರಲ್ಲಿ ರಿಜಿಸ್ಟ್ರಾರ್ ಗಾರ್ಡನ್ ಹಾಸೆಲ್‌ಕ್ವಿಸ್ಟ್ ಅಡ್ಡ ಬಂದರು. ಕೆಟ್ಟವರಲ್ಲ, ಕಟ್ಟುನಿಟ್ಟಿನ ಮನುಷ್ಯ. "ಸೇರಿದ ಮೊದಲನೇ ವರ್ಷದೊಳಗೇ ಅಂಕ ಕೊಡಬೇಕು ಅಂತ ನಿಯಮ ಇದೆ. ನಿಮಗೆ ನಾನು ಹೇಳಿಕೊಡಬೇಕಾ?" ಎಂದರು.

ಮಾರ್ಲಿಸ್ ಮೇಜಿನ ಕೆಳಗೆ ಮಂಡಿಯೂರಿ, ಇಟ್ಸೆಲ್ ಮೊದಲು ಸೇರಿದ ವರ್ಷದ ಕೈಪಿಡಿ ಎಳೆದು ತೆಗೆದರು. ನಡುವೆ ಬಿಟ್ಟು ಮತ್ತೆ ಬಂದರೂ, ಮೊದಲು ಸೇರಿದ ವರ್ಷದ ನಿಯಮವೇ ವಿದ್ಯಾರ್ಥಿಗೆ ಕೊನೆಯವರೆಗೂ ಅನ್ವಯ. ನಲವತ್ತೊಂದನೆಯ ಪುಟದಲ್ಲಿ ಗಡುವಿನ ಮಾತೇ ಇರಲಿಲ್ಲ. ಅದು ಐದು ವರ್ಷದ ನಂತರ ಸೇರಿಸಿದ ಸಾಲು. ಗಾರ್ಡನ್ ಪುಟವನ್ನು ಎರಡು ಸಲ ಓದಿದರು. "ಇದನ್ನ ನಾವು ರದ್ದಿಗೆ ಹಾಕಿರ್ಲಿಲ್ವಾ?"

"ನೀವು ಹಾಕಿದ್ರಿ," ಎಂದರು ಮಾರ್ಲಿಸ್.

ಹಳೆಯ ಅಂಕವನ್ನು ಲೆಕ್ಕಕ್ಕೆ ಹಿಡಿಯಲು ಅಧ್ಯಾಪಕರ ಸಮಿತಿ ಹನ್ನೊಂದೇ ನಿಮಿಷದಲ್ಲಿ ಒಪ್ಪಿತು. ಪದವಿ ಪ್ರದಾನಕ್ಕೆ ಒಂಬತ್ತು ದಿನವಿರುವಾಗ ಲಕೋಟೆ ಬಂತು. ಮಾರ್ಲಿಸ್ ಅದನ್ನು ಒಡೆಯದೆ ಊಟದ ಮನೆಗೆ ಓಡಿದರು. ಅವರು ಓಡಿದ್ದನ್ನು ಕಾಲೇಜು ಹಿಂದೆಂದೂ ಕಂಡಿರಲಿಲ್ಲವಂತೆ. ಇಟ್ಸೆಲ್ ಒಡೆದು ನೋಡಿದಳು. ಐದಕ್ಕೆ ಐದು! ಅವಳು ಕಿರುಚಿದ ರಭಸಕ್ಕೆ ಪಾತ್ರೆ ತೊಳೆಯುವವರು ಬೆಂಕಿ ಬಿತ್ತೆಂದು ಹೊರಗೆ ಓಡಿದರು. ಆ ದಿನ ಕಾಲೇಜಿಗೆಲ್ಲ ದಾಲ್ಚಿನ್ನಿ ಬನ್ನು. ಮಾರ್ಲಿಸ್‌ಗೆ ಎರಡು.

ಪದವಿಯ ದಿನ ವೇದಿಕೆ ಹತ್ತುವವರ ಕೈಗೆ ಹೆಸರಿನ ಚೀಟಿ ಕೊಡುವುದೂ ಮಾರ್ಲಿಸ್ ಕೆಲಸವೇ. ಇಟ್ಸೆಲ್ ಚೀಟಿ ಈಸಿಕೊಳ್ಳುವ ಬದಲು ಅವರನ್ನು ತಬ್ಬಿಕೊಂಡಳು. ಸಾಲು ನಿಂತೇ ಹೋಯಿತು. "ನಡಿ ನಡಿ, ಹಿಂದೆ ಎಂಬತ್ತು ಜನ ಇದ್ದಾರೆ," ಎಂದು ಗದರಿದ ಮಾರ್ಲಿಸ್ ಮುಂದಿನ ನಾಲ್ಕು ಹೆಸರನ್ನು ಸರಿಯಾಗಿ ಓದಲಾಗದೆ ಕಣ್ಣೊರೆಸಿಕೊಂಡರು.

ಮುಂದಿನ ಜೂನಿಗೆ ಅವರ ನಿವೃತ್ತಿ. ನೌಕರರು ವರ್ಷಕ್ಕೊಂದು ಪಾಠ ಬಿಟ್ಟಿಯಾಗಿ ಕಲಿಯಬಹುದೆಂದು ಇಪ್ಪತ್ತಾರು ವರ್ಷದಿಂದ ಇತರರಿಗೆ ಹೇಳುತ್ತಿದ್ದವರು, ಈ ಸೆಪ್ಟೆಂಬರಿಗೆ ಕೊನೆಗೂ ತಮ್ಮ ಹೆಸರನ್ನೇ ಬರೆಸಿದ್ದಾರೆ. ಭೂವಿಜ್ಞಾನ, ನಾಲ್ಕು ಕ್ರೆಡಿಟ್.

"ಅಪ್ಪನ ಹೊಲದಲ್ಲಿ ವರ್ಷ ವರ್ಷವೂ ಕಲ್ಲು ಆರಿಸಿ ಹಾಕಿದೀನಿ. ಅವು ಎಲ್ಲಿಂದ ಬರ್ತಿದ್ವು ಅಂತ ತಿಳ್ಕೋಬೇಕು, ಅಷ್ಟೇ," ಎನ್ನುತ್ತಾರೆ.

ಪದವಿಗೆ ಇನ್ನು ಉಳಿಯುವುದು ನೂರಾ ಇಪ್ಪತ್ನಾಲ್ಕಲ್ಲವೇ ಎಂದು ಕೇಳಿದರೆ ಗಹಗಹಿಸಿ ನಗುತ್ತಾರೆ. "ನೋಡಣ. ಆದ್ರೆ ನನ್ನ ಕಡತ ಗಾರ್ಡನ್ನೇ ಕೂಡ್ಬೇಕು. ಒಂದು ತಪ್ಪು ಮಾಡ್ಲಿ, ಬಿಡ್ತೀನಾ!"