ಕೂತವನ ಕೆಳಗಿನ ಕುರ್ಚಿ

ಇಸ್ತ್ರಿಯಕ್ಕನ ಬಲಗೈ ಎಡಗೈಗಿಂತ ದಪ್ಪ. ರವಿಕೆ ಹೊಲಿಸಲು ಹೋದಾಗ ದರ್ಜಿಗೆ ಅವಳೇ ಹೇಳುತ್ತಾಳೆ: "ಬಲಗಡೆ ತೋಳು ಸ್ವಲ್ಪ ಸಡಿಲ ಬಿಡಪ್ಪಾ, ಅದು ದುಡಿಯೋ ಕೈ. ಎಡಗಡೇದು ಬರೀ ನೆಂಟಸ್ತಿಕೆಗೆ ಬಂದಿರೋದು."

ಮೊದಲು ಅವಳು ಸಿದ್ಧ ಉಡುಪಿನ ಕಾರ್ಖಾನೆಯ ಇಸ್ತ್ರಿ ವಿಭಾಗದಲ್ಲಿದ್ದವಳು. ದಿನವಿಡೀ ಹಬೆಯಲ್ಲಿ ಬೇಯುವವರಿಗೆ ಕುಡಿಯಲು ನೀರಾದರೂ ಕೊಡಿ ಎಂದು ಗೇಟಿನ ಮುಂದೆ ಕೂತ ಹೆಂಗಸರಲ್ಲಿ ಒಬ್ಬಳು. ನೀರು ಬಂತು, ಕೂತವರ ಕೆಲಸ ಹೋಯಿತು. ಹೋರಾಟಗಳ ಹಣೆಬರಹ ಹೆಚ್ಚಾಗಿ ಇಷ್ಟೇ, ಬಾವಿ ತೋಡಿದವರೊಬ್ಬರು, ನೀರು ಸೇದಿದವರು ಇನ್ನೊಬ್ಬರು. ಅದಕ್ಕೆ ಅವಳು ಅಳುತ್ತ ಕೂರಲಿಲ್ಲ. ಬೀದಿಗೆ ಮುಖ ಮಾಡಿದ್ದ ಮುಂದಿನ ಕೋಣೆಯಲ್ಲಿ ಮೇಜು ಹಾಕಿದಳು, ಕಿಟಕಿಯ ಸರಳು ಕೀಳಿಸಿದಳು, ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಳು. ಕಿಟಕಿಯಿಂದ ಮುದುಡಿದ ಬಟ್ಟೆ ಒಳಗೆ, ಗರಿಗರಿ ಗಂಟು ಹೊರಗೆ. ನಡುವೆ ಹೋಗಿಬರುವವರ ಜೊತೆ ಮಾತು. ಮಾತಿಗೆ ದುಡ್ಡು ಹಿಡಿದಿದ್ದರೆ ಇಷ್ಟು ಹೊತ್ತಿಗೆ ಬಂಗಲೆ ಕಟ್ಟಿರುತ್ತಿದ್ದೆ ಎಂದು ಅವಳೇ ನಗುತ್ತಿದ್ದಳು.

ಗಂಡ ಕಟ್ಟಡಗಳ ಹೊರಗೋಡೆಗೆ ಬಣ್ಣ ಹೊಡೆಯುವವನು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಹಾಡು ಗುನುಗುವ ಆಸಾಮಿ. ಹೋದ ವರ್ಷ ಹಗ್ಗ ಕಿತ್ತುಹೋಯಿತು. ಸೊಂಟದ ಮೂಳೆ, ತೊಡೆಯ ಮೂಳೆ ಎರಡೂ ಮುರಿದವು. ಕಂತ್ರಾಟುದಾರ ಒಂದು ಚಿಪ್ಪು ಬಾಳೆಹಣ್ಣು ಕಳಿಸಿ ಫೋನು ಆಫ್ ಮಾಡಿಕೊಂಡ. ಪೇಂಟರುಗಳ ಸಂಘದವರು ಅವನ ಕಚೇರಿಯ ಬಾಗಿಲಲ್ಲಿ ಅಡ್ಡಡ್ಡ ಮಲಗಿದರು. ಆಸ್ಪತ್ರೆಯ ಖರ್ಚನ್ನೂ ಒಂದು ಗಾಲಿಕುರ್ಚಿಯನ್ನೂ ವಸೂಲು ಮಾಡಿಕೊಂಡೇ ಎದ್ದರು. ಕೊಡುವವನು ಕಂತ್ರಾಟುದಾರನಾದ್ದರಿಂದ ಅಂಗಡಿಯಲ್ಲಿ ಅಗ್ಗದ ಕುರ್ಚಿಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ.

ಕುರ್ಚಿ ಬಂತು. ಅದು ತಿರುಗಲು ಜಾಗ ಬೇಕು, ಅಷ್ಟು ಜಾಗವಿದ್ದದ್ದು ಮುಂದಿನ ಕೋಣೆಯಲ್ಲಿ ಮಾತ್ರ. ಇಸ್ತ್ರಿ ಮೇಜು ಅಡುಗೆಮನೆಯ ಪಕ್ಕದ ಓಣಿಯಂಥ ಜಾಗಕ್ಕೆ ಹೋಯಿತು. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ, ಬೀದಿಯಿಂದ ಗಿರಾಕಿ ಕೂಗಿದರೆ ಕೇಳಿಸುವುದಿಲ್ಲ. ಕೂಗಿ ಕೂಗಿ ಸಾಕಾದವರು ತಿರುವಿನಲ್ಲಿ ಹೊಸದಾಗಿ ತೆರೆದಿದ್ದ ಗಾಜಿನ ಬಾಗಿಲಿನ ಲಾಂಡ್ರಿಗೆ ಹೊರಟರು.

ಅದನ್ನೂ ಅವಳು ಸಹಿಸುತ್ತಿದ್ದಳು. ಸಹಿಸಲಾಗದ್ದು ಬೇರೆ ಇತ್ತು. ಪೇಂಟರನ ಮೂಳೆ ಕೂಡಿ ಆಗಲೇ ತಿಂಗಳುಗಳಾಗಿದ್ದವು. "ಇನ್ನು ಕುರ್ಚಿ ಬೇಡ, ನಡಿ," ಎಂದು ಡಾಕ್ಟರು ಬೈದು ಕಳಿಸಿದ್ದರು. ಯಾರೂ ನೋಡದಿದ್ದಾಗ ಕೋಲು ಹಿಡಿದು ಅಡುಗೆಮನೆಯ ಮೇಲಿನ ಕಪಾಟಿನ ಡಬ್ಬಿಯವರೆಗೂ ಅವನು ಹೋಗುತ್ತಿದ್ದ. ಬಿಸ್ಕತ್ತು ಕಡಿಮೆಯಾಗುತ್ತಿದ್ದುದೇ ಅದಕ್ಕೆ ಸಾಕ್ಷಿ. ಯಾರಾದರೂ ಬಂದರೆ ಮಾತ್ರ ಮತ್ತೆ ಕುರ್ಚಿಗೆ. ಹೊಸಿಲಾಚೆಗಂತೂ ಕಾಲಿಡಲೊಲ್ಲ. ಎಲುಬು ಕೂಡಿತ್ತು, ಧೈರ್ಯ ಕೂಡಿರಲಿಲ್ಲ.

"ಈ ಕುರ್ಚಿ ಮನೇಲಿರೋವರೆಗೂ ನೀನು ಏಳಲ್ಲ," ಎಂದಳು ಇಸ್ತ್ರಿಯಕ್ಕ ಒಂದು ದಿನ. "ಮಾರ್ತೀನಿ."

"ಮಾರೇ, ಬೇಡ ಅಂದೋರ್ಯಾರು," ಎಂದ ಅವನು ಕುರ್ಚಿಯ ಮೇಲೆ ಕೂತೇ. "ಆಮೇಲೆ ಚಳಿಗಾಲಕ್ಕೆ ಸೊಂಟ ಹಿಡಿದ್ರೆ ನಿನ್ನ ಬೆನ್ನ ಮೇಲೆ ಕೂಸುಮರಿ ಮಾಡ್ಕೊಂಡು ಓಡಾಡಿಸು."

ಸೂಪರ್ ಮಾರ್ಕೆಟ್ಟಿನಲ್ಲಿ ಬಿಲ್ಲು ಹಾಕುವ ತಂಗಿ ಬಂದು, ಫೋಟೋ ತೆಗೆದು, ಹಳೇ ಸಾಮಾನು ಮಾರುವ ಆ್ಯಪಿನಲ್ಲಿ ಹಾಕಿಕೊಟ್ಟಳು. "ಸುಮ್ನೆ ಕೂತಿರು ಅಕ್ಕಾ, ಜನ ತಾವಾಗೇ ಮುಗಿಬೀಳ್ತಾರೆ," ಎಂದಳು. ಮುಗಿಬಿದ್ದರು ಕೂಡ. ಮೊದಲ ಫೋನು ಮಾಡಿದಾತ ಸಾವಿನ ಮನೆಗೆ ಬಂದವನಂತೆ ದನಿ ತಗ್ಗಿಸಿ ಕೇಳಿದ:

"ಅಮ್ಮಾ, ತಪ್ಪು ತಿಳೀಬೇಡಿ... ಅವರು ಯಾವಾಗ ಹೋದ್ರು?"

"ಎಲ್ಲಿಗೂ ಹೋಗಿಲ್ಲ ಅನ್ನೋದೇ ನನ್ನ ಗೋಳು," ಎಂದಳು ಇಸ್ತ್ರಿಯಕ್ಕ.

ಆತ ಫೋನಿಟ್ಟ. ಇನ್ನೊಬ್ಬ ಕುರ್ಚಿ ನೋಡುವುದೇ ಬೇಡ, ಪೂರ್ತಿ ದುಡ್ಡು ಈಗಲೇ ಹಾಕುತ್ತೇನೆ, ನಿಮ್ಮ ಫೋನಿಗೆ ಒಂದು ನಂಬರು ಬರುತ್ತದೆ ಅದನ್ನು ಹೇಳಿ ಎಂದ. "ನನ್ನ ನಂಬರು ಕಾರ್ಖಾನೆ ಗೇಟಲ್ಲಿ ಬರೆದು ಹಾಕಿದಾರೆ, ಒಳಗೆ ಬಿಡಬಾರದು ಅಂತ. ಹೋಗಿ ಓದ್ಕೋ," ಎಂದು ಅವನಿಗೂ ಮಂಗಳ ಹಾಡಿದಳು.

ಮನೆಗೇ ಬಂದವರೆಂದರೆ ಒಬ್ಬ ಗಂಡ, ಒಬ್ಬ ಹೆಂಡತಿ, ಒಳ್ಳೆಯ ಚಪ್ಪಲಿ ಹಾಕಿದವರು. ಗಂಟೆಯ ಸದ್ದು ಕೇಳಿದ್ದೇ ತಡ, ಪೇಂಟರ್ ಗೋಡೆ ಹಿಡಿದು ಬಂದು ಕುರ್ಚಿಯಲ್ಲಿ ಕೂತುಬಿಟ್ಟಿದ್ದ.

"ಇದೇನಾ ಕುರ್ಚಿ?" ಎಂದಳು ಬಂದ ಹೆಂಗಸು.

"ಇದೇ."

"ಮತ್ತೆ... ಇವರು?"

"ಇವರು ನಡೀತಾರೆ. ಏನ್ ಪೇಂಟರೇ, ಎದ್ದು ಒಂದು ಸಲ ತೋರಿಸಿ." ಸಿಟ್ಟು ಬಂದಾಗ ಗಂಡನಿಗೆ ಬಹುವಚನ ಕೊಡುವುದು ಅವಳ ಪದ್ಧತಿ.

ಪೇಂಟರ್ ತನ್ನ ಪಾದಗಳನ್ನು ನೋಡಿಕೊಂಡ. "ಇವತ್ತು ಸ್ವಲ್ಪ ಹಿಡಿದಂಗಿದೆ," ಎಂದ.

ಆ ಹೆಂಗಸು ಇಸ್ತ್ರಿಯಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ನೋಡಮ್ಮಾ, ಕಷ್ಟ ಯಾರಿಗೆ ಬರಲ್ಲ. ಅದಕ್ಕೇಂತ ಕೂತವರ ಕೆಳಗಿನ ಕುರ್ಚಿ ಮಾರೋದಾ?" ಎಂದವಳೇ ಒಂದು ನೋಟನ್ನು ಕಿಟಕಿಯ ಮೇಲಿಟ್ಟು ಹೊರಟಳು. ಇಸ್ತ್ರಿಯಕ್ಕ ಬೀದಿಯ ಅರ್ಧದವರೆಗೆ ಓಡಿ ಅದನ್ನು ಹಿಂದಕ್ಕೆ ಕೊಟ್ಟು ಬಂದಳು. ಬಂದ ಮೇಲೆ ಗಂಡನ ಜೊತೆ ಮಾತಾಡಲಿಲ್ಲ. ಬಾಯಿ ಮುಚ್ಚಿಕೊಂಡ ಇಸ್ತ್ರಿಯಕ್ಕ ಬಾಯಿ ಬಿಟ್ಟ ಇಸ್ತ್ರಿಯಕ್ಕನಿಗಿಂತ ಅಪಾಯ ಎಂಬುದು ಅವನಿಗೆ ಗೊತ್ತಿತ್ತು. ಅನ್ನವನ್ನು ಸದ್ದಿಲ್ಲದೆ ಉಂಡ.

ಮರುದಿನ ಆಸ್ಪತ್ರೆಯ ಎದುರಿನ ಸಲಕರಣೆ ಅಂಗಡಿಗೆ ಹೋಗಿ ಕೇಳಿದಳು. ಅಂಗಡಿಯವನು ಹೇಳಿದ ಬೆಲೆಗೆ ಆ ಕುರ್ಚಿಯ ಒಂದು ಗಾಲಿಯೂ ಬರುತ್ತಿರಲಿಲ್ಲ. "ತಗೊಂಡು ಏನ್ಮಾಡ್ತೀರಿ?" ಎಂದಳು. "ದಿನದ ಬಾಡಿಗೆಗೆ ಬಿಡ್ತೀವಿ," ಎಂದ ಅವನು ಹಲ್ಲು ಕಿರಿದು. ಸಂಘದವರು ನೆಲದ ಮೇಲೆ ಮಲಗಿ ಒಬ್ಬ ದೊಡ್ಡಮನುಷ್ಯನ ಜೇಬಿನಿಂದ ಕಿತ್ತ ಕುರ್ಚಿಯನ್ನು ಇನ್ನೊಬ್ಬನ ಜೇಬಿಗೆ ತುಂಬಲು ಅವಳಿಗೆ ಮನಸ್ಸಾಗಲಿಲ್ಲ. ಗುಜರಿಯವನಂತೂ ತಕ್ಕಡಿ ಹಿಡಿದೇ ಮಾತಾಡಿದ. ಸೀಟಿನ ಬಟ್ಟೆಯ ತೂಕ ಕಳೆಯುತ್ತೇನೆ ಎಂದ.

ಅಂದು ಸಂಜೆ ಅವಳು ಓಣಿಯಲ್ಲಿ ನಿಂತು ಉಳಿದಿದ್ದ ಗಿರಾಕಿಗಳ ಬಟ್ಟೆಯನ್ನು ಹಳೇ ಪೇಪರಿನಲ್ಲಿ ಸುತ್ತಿ ದಾರ ಕಟ್ಟುತ್ತಿದ್ದಳು. ದಾರದ ಕೆಳಗೆ ಎಂದಿನಂತೆ ಮನೆಯ ಗುರುತಿನ ಚೀಟಿ ಸಿಕ್ಕಿಸುವಾಗ ಕೈ ನಿಂತಿತು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಗಂಟೊಂದು ಮನೆಗೆ ಹೋದರೆ ಅದನ್ನು ಬಿಚ್ಚದೆ ಯಾರೂ ಇರುವುದಿಲ್ಲ. ಬಿಚ್ಚುವವರೆಲ್ಲ ಪೇಂಟರ್ ಬಿದ್ದದ್ದನ್ನೂ ಬದುಕಿದ್ದನ್ನೂ ಬಲ್ಲವರು. ಯಾವಾಗ ಹೋದರು ಎಂದು ಕೇಳುವವರಲ್ಲ.

ಕೂತು ಚೀಟಿ ಬರೆದಳು. ಗಾಲಿಕುರ್ಚಿ ಮಾರಾಟಕ್ಕಿದೆ. ಗಟ್ಟಿ ಇದೆ. ಎಡಗಾಲಿ ಸ್ವಲ್ಪ ಎಳೆಯುತ್ತದೆ. ಇದರಲ್ಲಿ ಕೂತಿದ್ದವರು ಈಗ ನಡೆಯುತ್ತಾರೆ. ಪ್ರತಿ ಗಂಟಿಗೂ ಒಂದೊಂದು ಸಿಕ್ಕಿಸಿದಳು.

ಪೇಂಟರ್ ಒಂದನ್ನು ಎಳೆದು ಓದಿದ. "ನಡೆಯುತ್ತಾರೆ ಅಂತ ಯಾಕೆ ಬರೆದೆ?"

"ಸುಳ್ಳಾದ್ರೆ ಗೀಟು ಹೊಡೆದು ಹಾಕು."

ಅವನು ಪೆನ್ನು ಕೈಗೆ ತಗೊಂಡ, ಸ್ವಲ್ಪ ಹೊತ್ತು ಹಿಡಿದ, ಕೆಳಗಿಟ್ಟ.

ಚೀಟಿ ಹಿಡಿದು ಬಂದವಳು ಶಾಲೆಯ ಮಕ್ಕಳ ವ್ಯಾನು ಓಡಿಸುವ ಹೆಂಗಸು. ವ್ಯಾನಿನಲ್ಲಿ ಹೋಗುವ ಹುಡುಗಿಯ ಮನೆಗೆ ಹೋದ ಗಂಟಿನಿಂದ ಚೀಟಿ ಅವಳ ಕೈಗೆ ಬಂದಿತ್ತು. ಕೈಯಲ್ಲಿ ಕೀಲಿಗೊಂಚಲು ಆಡಿಸುತ್ತ ಒಳಗೆ ಬಂದವಳು ಕುರ್ಚಿಯಲ್ಲಿ ಪೇಂಟರ್ ಕೂತಿದ್ದನ್ನು ನೋಡಿ ಮುಖ ಸಪ್ಪೆ ಮಾಡಲಿಲ್ಲ. ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ನಮ್ಮಮ್ಮಂಗೆ ಅಣ್ಣಾ. ಸೊಂಟ ಹೋಗಿದೆ, ಇನ್ನು ಏಳಲ್ಲ ಅಂದಿದಾರೆ. ತೂಕ ಎರಡು ಮೂಟೆ, ಬಾಯಿ ನಾಲ್ಕು ಮೂಟೆ. ಬ್ರೇಕು ಹಿಡಿಯುತ್ತಾ?"

"ಹಿಡಿಯುತ್ತೆ. ಬಲಗಡೇದು ಮೊದಲು ಹಾಕ್ಬೇಕು."

"ಎಡಗಾಲಿ ಎಳೆಯುತ್ತೆ ಅಂತಿದೆ. ಯಾವ ಕಡೆಗೆ?"

"ಗೋಡೆ ಕಡೆಗೆ. ವಾರಕ್ಕೊಂದು ಸಲ ಎಣ್ಣೆ ಬಿಟ್ರೆ ಸುಮ್ನಿರುತ್ತೆ."

"ಬಚ್ಚಲಿಗೆ ಹೆಂಗೆ ಹೋಗ್ತಿದ್ರಿ?"

ಇಷ್ಟು ದಿನ ಬಂದವರು ಅವನ ಕಾಲು ನೋಡಿದ್ದರು, ಹೆಂಡತಿಯನ್ನು ನೋಡಿದ್ದರು, ಅಯ್ಯೋ ಪಾಪ ಎಂದಿದ್ದರು. ಕುರ್ಚಿಯ ಬಗ್ಗೆ ಅವನನ್ನು ಯಾರೂ ಏನೂ ಕೇಳಿರಲಿಲ್ಲ. ಪೇಂಟರ್ ನೆಟ್ಟಗೆ ಕೂತ. ಪಾದದ ಹಲಗೆ ಮೊದಲು ಮಡಚಬೇಕು, ಬೆನ್ನಿಗೆ ದಿಂಬು ಅಡ್ಡ ಇಡಬೇಕು, ಒಂದೇ ಕಡೆ ಒತ್ತಿ ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ಬದಲಿಸಬೇಕು ಎಂದು ಹೇಳುತ್ತಲೇ ಹೋದ.

"ಸರಿ, ಏಳಿ ಅಣ್ಣಾ, ನಾನೊಂದು ಸಲ ಕೂತು ನೋಡ್ತೀನಿ," ಎಂದಳು ವ್ಯಾನಿನವಳು. "ಅಮ್ಮ ಮೊದಲನೇ ದಿನವೇ ಬೀದಿ ಕೇಳೋ ಹಾಗೆ ಕಿರಚ್ತಾಳೆ. ಒಳಗೆ ಕೂತೋರಿಗೆ ಏನನ್ಸುತ್ತೆ ಅಂತ ನನಗೆ ಗೊತ್ತಿರಲಿ. ನೀವು ತಳ್ಳಿ."

ಇಸ್ತ್ರಿಯಕ್ಕ ಓಣಿಯ ಬಾಯಲ್ಲಿ ನಿಂತಿದ್ದಳು. ಬಾಯಿಗೆ ಬಂದ ಮಾತನ್ನು ನುಂಗಿದಳು. ಅದು ಅವಳ ಜೀವಮಾನದಲ್ಲಿ ಹೆಚ್ಚು ಸಲ ಆಗಿದ್ದ ಕೆಲಸವಲ್ಲ.

ಪೇಂಟರ್ ಎದ್ದ. ವ್ಯಾನಿನವಳು ಕೂತಳು. ಕೋಲು ಹಿಡಿದು ಕುರ್ಚಿ ತಳ್ಳಲು ಬರುವುದಿಲ್ಲ, ಎರಡು ಕೈಯೂ ಬೇಕು. ಅವನು ಕೋಲನ್ನು ಗೋಡೆಗೆ ಒರಗಿಸಿ ಹಿಡಿಕೆಗಳನ್ನು ಹಿಡಿದ. ಮೊದಲ ಹೆಜ್ಜೆ ಕುರ್ಚಿ ಇಟ್ಟಿತೋ ಅವನಿಟ್ಟನೋ ಹೇಳುವುದು ಕಷ್ಟ. ಕೋಣೆಯಲ್ಲಿ ಒಂದು ಸುತ್ತು ಬಂದು ಹೊಸಿಲ ಹತ್ತಿರ ನಿಲ್ಲಿಸಿದ. ಅಲ್ಲಿಂದಾಚೆಗೆ ಒಂದು ಮೆಟ್ಟಿಲು, ಮೆಟ್ಟಿಲಾಚೆಗೆ ಬೀದಿ.

"ಇಲ್ಲಿ ಮುಖ ಮುಂದೆ ಮಾಡಿ ಇಳಿಸ್ಬಾರ್ದು," ಎಂದ. "ತಿರುಗಿಸಿ, ಬೆನ್ನು ಮುಂದಾಗಿ ಇಳಿಸ್ಬೇಕು. ಇಳಿಸೋಕೆ ಮುಂಚೆ ಕೂತೋರಿಗೆ ಬಾಯಿಬಿಟ್ಟು ಹೇಳ್ಬೇಕು, ಇಳಿಸ್ತಿದೀನಿ ಅಂತ. ಹೇಳದೆ ಇಳಿಸಿದ್ರೆ ಮತ್ತೆ ಬಿದ್ದಂಗೇ ಆಗುತ್ತೆ. ಹಗ್ಗ ಕಿತ್ತುಹೋಗಿದ್ದು ಒಂದೇ ದಿನ. ನಾನು ಈ ಹೊಸಿಲಲ್ಲಿ ಎಷ್ಟು ಸಲ ಬಿದ್ದಿದೀನೋ ಲೆಕ್ಕ ಇಲ್ಲ."

ಇಸ್ತ್ರಿಯಕ್ಕನ ಕೈಯಲ್ಲಿದ್ದ ಅಂಗಿ ಹಾಗೇ ಉಳಿಯಿತು. ಆಸ್ಪತ್ರೆಗೆ ಹೋಗುವಾಗಲೆಲ್ಲ ಅವನನ್ನು ಆ ಮೆಟ್ಟಿಲು ಇಳಿಸಿದವಳು ಅವಳೇ. ಮುಖ ಮುಂದೆ ಮಾಡಿ, ಧಡಕ್ಕನೆ, ಹಾಲಿನವನ ಜೊತೆ ಮಾತಾಡುತ್ತ.

"ಇಷ್ಟು ದಿನ ಇದನ್ನ ಹೇಳೋಕೆ ಏನಾಗಿತ್ತು ನಿನಗೆ?" ಎಂದಳು.

"ನೀನು ಸುಸ್ತಾಗಿರ್ತಿದ್ದೆ," ಎಂದ ಅವನು ತಿರುಗದೆ. "ಅದರ ಮೇಲೆ ಇದೊಂದು ಎಲ್ಲಿ ಹೇಳ್ಲಿ."

"ಅಕ್ಕಾ, ಜಗಳ ಆಮೇಲೆ ಆಡ್ಕೊಳ್ಳಿ, ನಾನಿನ್ನೂ ಹೊಸಿಲ ಮೇಲಿದೀನಿ," ಎಂದಳು ವ್ಯಾನಿನವಳು.

"ಇಳಿಸ್ತಿದೀನಿ," ಎಂದ ಪೇಂಟರ್. ಇಳಿಸಿದ. ಕುರ್ಚಿಯ ಹಿಂದೆ ತಾನೂ ಬೀದಿಯಲ್ಲಿದ್ದೇನೆ ಎಂಬುದು ಅವನಿಗೆ ಹೊಳೆದದ್ದು ಬಿಸಿಲು ನೆತ್ತಿಗೆ ಬಿದ್ದ ಮೇಲೆ.

ಬೀದಿಯ ತುದಿಯವರೆಗೂ ಹೋದರು. ವ್ಯಾನಿನವಳು ಮಂತ್ರಿಯ ಹಾಗೆ ಎರಡೂ ಕಡೆ ಕೈ ಬೀಸಿದಳು. ತರಕಾರಿ ಗಾಡಿಯವನು, "ಅಯ್ಯೋ, ಏನಾಯ್ತಮ್ಮಾ ಕಾಲಿಗೆ?" ಎಂದು ಅವಳನ್ನು ಕೇಳಿದನೇ ಹೊರತು ಹಿಂದೆ ಬೆವರು ಸುರಿಸುತ್ತ ನಿಂತಿದ್ದವನ ಕಾಲನ್ನು ನೋಡಲಿಲ್ಲ. ಪೇಂಟರನಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಬೇಕಾಗಿರಲಿಲ್ಲ. ಅರ್ಧ ದಾರಿಯಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡ. ವಾಪಸು ಬರುವಾಗ ತೊಡೆ ನಡುಗುತ್ತಿತ್ತು, ಆದರೂ ಹಿಡಿಕೆ ಬಿಡಲಿಲ್ಲ.

ವ್ಯಾನಿನವಳು ದುಡ್ಡು ತೆಗೆದಳು. ಪೇಂಟರ್ ಅಡ್ಡಡ್ಡ ತಲೆಯಾಡಿಸಿದ. "ನಿಮ್ಮ ಬಚ್ಚಲು ಬಾಗಿಲು ನೋಡದೆ ಬೇಡ. ಬಾಗಿಲಲ್ಲಿ ಹಿಡಿಸದ ಕುರ್ಚಿ ತಗೊಂಡು ಅಮ್ಮನ್ನ ಅಂಗಳದಲ್ಲಿ ತೊಳೀತೀರಾ? ನಡೀರಿ, ನಾನೇ ಬಂದು ನೋಡ್ತೀನಿ."

ಅವನು ಕೋಲು ತಗೊಂಡ, ಅಳತೆಯ ಟೇಪು ತಗೊಂಡ, ವ್ಯಾನಿನ ಮುಂದಿನ ಸೀಟಿಗೆ ಹತ್ತಿದ. ಹಿಂದೆ ಮಕ್ಕಳ ಸೀಟುಗಳ ನಡುವೆ ಕುರ್ಚಿ ಮಡಚಿಕೊಂಡು ಕೂತಿತು. ಇಸ್ತ್ರಿಯಕ್ಕ ಕಿಟಕಿಯಲ್ಲಿ ನಿಂತು ನೋಡಿದಳು. ಕೈ ಬೀಸಲಿಲ್ಲ. ಅವನೂ ತಿರುಗಿ ನೋಡಲಿಲ್ಲ, ವ್ಯಾನಿನವಳಿಗೆ ಏನೋ ಹೇಳುತ್ತಿದ್ದ.

ವ್ಯಾನು ಹೋದ ಮೇಲೆ ಮೊದಲು ಫೋನಿನಲ್ಲಿದ್ದ ಫೋಟೋ ಅಳಿಸಿದಳು. ಕೋಣೆ ಗುಡಿಸಿದಳು. ಆಮೇಲೆ ಮೇಜನ್ನು ಒಬ್ಬಳೇ ಎಳೆಯಲು ಹೋದಳು. ಅದು ಓಣಿಯ ಮೂಲೆಯಲ್ಲಿ ಸಿಕ್ಕಿಕೊಂಡಿತು, ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಬಲಗೈಯ ದಪ್ಪವೂ ಕೆಲಸಕ್ಕೆ ಬರಲಿಲ್ಲ. ಅಲ್ಲೇ ಬಿಟ್ಟು, ಮೇಜಿನ ಮೇಲೆಯೇ ನಾಲ್ಕು ಅಂಗಿ ಮುಗಿಸಿದಳು.

ಹೊತ್ತು ಇಳಿಯುವಾಗ ಪೇಂಟರ್ ಬಂದ. ಬೀದಿಯ ಬಾಯಲ್ಲೇ ಇಳಿದು ನಡೆದು ಬಂದಿದ್ದ. ಮುಖ ಬಾಡಿತ್ತು, ಕಣ್ಣು ಮಾತ್ರ ಕೆಲಸ ಮುಗಿಸಿ ಬಂದವನ ಕಣ್ಣು. ಅಭ್ಯಾಸದಿಂದ ಕೋಣೆಯ ನಡುವೆ ಬಂದು ನಿಂತು ಸುತ್ತ ನೋಡಿದ.

"ಎಲ್ಲಿ ಕೂರ್ಲಿ?"

"ಕೂರೋ ಕಾಲ ಮುಗೀತು. ಮೇಜು ಸಿಕ್ಕಾಕ್ಕೊಂಡಿದೆ, ಆ ಕಡೆ ಹಿಡಿ."

"ಆ ಮುದುಕಿ ಇದಾಳಲ್ಲ, ಅಬ್ಬಾ. ನಾನು ಬಣ್ಣ ಹೊಡೆಯೋನು ಅಂದಿದ್ದಕ್ಕೆ ಗೋಡೆಗೆ ಯಾವ ಬಣ್ಣ ಅಂತ ಶುರು ಮಾಡಿದ್ಲು. ಬಚ್ಚಲು ಬಾಗಿಲು ಒಂದು ಬೆರಳು ಸಾಲದು. ನಾಳೆ ಹೋಗಿ ಚೌಕಟ್ಟು ಕೆತ್ತಿ ಕೊಡ್ಬೇಕು, ಆಮೇಲೆ ಕುರ್ಚಿ ದುಡ್ಡು."

"ನಡ್ಕೊಂಡೇ ಹೋಗ್ತೀಯಾ?"

"ಇಲ್ಲ, ನಿನ್ನ ಬೆನ್ನ ಮೇಲೆ."

ಅವಳು ನಕ್ಕಳು. ಅವನು ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಾಗಿ, ಮೇಜಿನ ಅಂಚು ಹಿಡಿದ. ಹಿಡಿದವನು ಎತ್ತುವ ಮೊದಲು ನಿಂತ, ಅವಳ ಮುಖ ನೋಡಿದ.

"ಎತ್ತುತ್ತಿದೀನಿ," ಎಂದಳು ಇಸ್ತ್ರಿಯಕ್ಕ.