ತಾಯಿ ಕರೆಯದ ಹೆಸರು

ಈ ಪರದೇಶದ ಹಿಲ್ಸ್‌ಬರೋ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಗೆ ಆ ಕುಟುಂಬ ಬಂದಾಗ ಬೀದಿಯವರೆಲ್ಲ ಅವರನ್ನು ‘ಆಫ್ರಿಕನ್ಸ್’ ಅಂದರು. ಅಷ್ಟಕ್ಕೇ ಎಲ್ಲರ ಕುತೂಹಲ ತೀರಿತು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ‘ನೀವು ಮನೆಯಲ್ಲಿ ಇಂಡಿಯನ್ ಮಾತಾಡುತ್ತೀರಾ’ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ಉತ್ತರ ಕೊಟ್ಟು ನಾಲಿಗೆ ಸವೆಸಿಕೊಂಡವಳು ನಾನು. ಅದಕ್ಕೇ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದ ಆಕೆಯನ್ನು ಮೊದಲ ವಾರವೇ ಕೇಳಿಬಿಟ್ಟೆ, ನೀವು ಯಾವ ಜನ, ನಿಮ್ಮ ಭಾಷೆ ಯಾವುದು ಅಂತ.

ಆಕೆ ಬಾಯಲ್ಲಿ ಕಚ್ಚಿಕೊಂಡಿದ್ದ ಕ್ಲಿಪ್ಪು ತೆಗೆದು ನಕ್ಕಳು. “ಕೇಳುವವರು ಯಾರು ಅನ್ನುವುದರ ಮೇಲೆ ಹೋಗುತ್ತೆ” ಅಂದಳು.

ಆಕೆ ಕ್ಯಾಮರೂನಿನ ಉತ್ತರ ಭಾಗದವಳು. ಪಕ್ಕದ ನೈಜೀರಿಯಾದಲ್ಲಿ ಅವಳ ಜನರನ್ನು ಫುಲಾನಿ ಎನ್ನುತ್ತಾರೆ. ಫ್ರೆಂಚರಿಗೆ ಅವರು ಪ್ಯೂಲ್. ಗ್ಯಾಂಬಿಯಾದ ಕಡೆ ಫುಲಾ. ತಮ್ಮನ್ನು ತಾವು ಕರೆದುಕೊಳ್ಳುವುದು ಫುಲ್ಬೆ, ಒಬ್ಬರೇ ಇದ್ದರೆ ಪುಲ್ಲೊ. ಭಾಷೆಯ ಕಥೆಯೂ ಅಷ್ಟೇ. ಅವಳ ಊರಿನಲ್ಲಿ ಅದು ಫುಲ್ಫುಲ್ದೆ, ಪಶ್ಚಿಮಕ್ಕೆ ಹೋಗುತ್ತ ಹೋಗುತ್ತ ಗಿನಿಯಲ್ಲಿ ಪುಲರ್, ಸೆನೆಗಲ್‌ನಲ್ಲಿ ಪುಲಾರ್. ಎಲ್ಲ ಒಂದೇ ಭಾಷೆಯೇ ಎಂದು ಕೇಳಿದರೆ, ಹೌದು ಅಂತಲೂ ತಲೆ ಆಡಿಸಿದಳು, ಅಲ್ಲ ಅಂತಲೂ ಆಡಿಸಿದಳು.

“ಬಂದವರೆಲ್ಲ ನಮಗೊಂದು ಹೆಸರಿಟ್ಟು ಹೋದರು” ಅಂದಳು. ನಮ್ಮ ಭಾಷೆಗೂ ಹೊರಗಿನವರು ಕೆನರೀಸ್ ಎಂದು ಹೆಸರಿಟ್ಟಿದ್ದರು, ಆ ಹೆಸರು ಕೇಳಿದರೆ ನಮ್ಮಲ್ಲಿ ಯಾರೂ ಓ ಎನ್ನುತ್ತಿರಲಿಲ್ಲ ಅಂತ ನಾನೂ ನನ್ನ ಗೋಳು ತೋಡಿಕೊಂಡೆ. ಇಬ್ಬರೂ ನಕ್ಕೆವು. ಗೆಳೆತನ ಹತ್ತಿದ್ದು ಹಾಗೆ.

ಅವಳ ಗಂಡ ವಿಮಾನ ನಿಲ್ದಾಣದ ಹತ್ತಿರ ಒಂದು ಕೋಲ್ಡ್ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಇಬ್ಬರು ಮಕ್ಕಳು. ಹಿರಿಯವಳಿಗೆ ಆರು ವರ್ಷ, ಕಿರಿಯದು ಇನ್ನೂ ತಳ್ಳುಗಾಡಿಯಲ್ಲಿ. ಹಿರಿಯವಳು ಶಾಲೆ ಬಿಟ್ಟ ಮೇಲೆ ಬೇಲಿಯ ಸಂದಿಯಿಂದ ನುಸುಳಿ ನಮ್ಮ ಡೆಕ್ಕಿಗೆ, ಅಂದರೆ ಹಿತ್ತಿಲಿನ ಮರದ ಜಗಲಿಗೆ, ಬರುತ್ತಿದ್ದಳು. ಅಲ್ಲಿ ನಮ್ಮತ್ತೆ ಬಿಸಿಲಿಗೆ ಕಾಲು ಚಾಚಿ ಕೂತಿರುತ್ತಿದ್ದರು. “ತಂಗೀ, ಬಾ ಇಲ್ಲೆ” ಎಂದು ಕರೆದು ಕೈಗೊಂದು ಶೇಂಗಾ ಉಂಡಿ ಕೊಡುತ್ತಿದ್ದರು. ಧಾರವಾಡದ ಕನ್ನಡಕ್ಕೆ ಹುಡುಗಿ ಇಲ್ಲಿಯವರ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಮ್ಮ ಮಕ್ಕಳೂ ಅದನ್ನೇ ಮಾಡಿದ್ದರಿಂದ ಅತ್ತೆಗೆ ಅದೇನೂ ಹೊಸದಾಗಿರಲಿಲ್ಲ.

ಮೊದಲು ಗಮನಿಸಿದವರು ಅತ್ತೆಯೇ. “ಆಕಿ ಮಗಳನ್ನ ಹೆಸರು ಹಿಡದು ಕರ್ಯೂದಽ ಇಲ್ಲ, ನೋಡೀಯೇನು?” ಅಂದರು.

ಹೌದಲ್ಲ! ತಾಯಿ ಯಾವಾಗಲೂ ಅವರ ಭಾಷೆಯಲ್ಲಿ ‘ದೊಡ್ಡವಳೇ’ ಎನ್ನುತ್ತಿದ್ದಳು. ಅಪ್ಪ ‘ಅಮ್ಮ’ ಎನ್ನುತ್ತಿದ್ದ, ಹುಡುಗಿಗೆ ಅವನ ತಾಯಿಯ ಹೆಸರಿಟ್ಟಿದ್ದರಂತೆ. ಕೇಳಿದಾಗ ಆಕೆ ತುಸು ಸಂಕೋಚದಿಂದಲೇ ಹೇಳಿದಳು. ಅವರ ಮನೆತನದಲ್ಲಿ ಚೊಚ್ಚಲ ಮಗುವಿನ ಹೆಸರನ್ನು ತಾಯಿ ಬಾಯಿ ಬಿಟ್ಟು ಹೇಳುವುದಿಲ್ಲ. ಗಂಡನ ತಾಯಿಯ ಹೆಸರನ್ನಂತೂ ಸೊಸೆ ಹೇಳುವುದೇ ಇಲ್ಲ. ಅಂದಮೇಲೆ ಆ ಹೆಸರಿಗೆ ಅವಳ ಬಾಯಲ್ಲಿ ಎರಡು ಬೀಗ.

ಅತ್ತೆಗೆ ಖುಷಿಯೋ ಖುಷಿ. “ನಮ್ಮ ಹಂಗಽ ಬಿಡು!” ಅಂದರು. ಬದುಕಿಡೀ ಮಾವನವರನ್ನು ‘ಇವರು’ ಎಂದೇ ಅಂದವರು ಅವರು. ಪಾಸ್‌ಪೋರ್ಟ್ ಕಚೇರಿಯಲ್ಲಿ ಗಂಡನ ಹೆಸರೇನು ಎಂದು ಕೇಳಿದಾಗ, ನನ್ನ ಗಂಡನ ಮೊಳಕೈ ತಿವಿದು “ನೀ ಹೇಳೋ” ಅಂದಿದ್ದರು. ನನಗೋ, ಇವೆಲ್ಲ ಯಾವ ಕಾಲದ ಸಂಗತಿ ಎನ್ನಿಸಿತು. ಹಾಗೆಂದು ಅವರಿಬ್ಬರ ಎದುರೇ ಹೇಳಿದೆ. ಇಬ್ಬರೂ ನನ್ನನ್ನು ಪಾಪ ಎನ್ನುವಂತೆ ನೋಡಿದರು.

ಇದಾದ ಮೇಲಿನ ಜನವರಿ. ಇಲ್ಲಿಯ ಬೇಸಿಗೆ ರಜೆ, ಶಾಲೆ ಇನ್ನೂ ತೆರೆದಿರಲಿಲ್ಲ. ಹುಡುಗಿಗೆ ಶಾಲೆಯ ಬೂಟು ಬೇಕೆಂದು ಅವರನ್ನು ನನ್ನ ಕಾರಿನಲ್ಲಿ ಮೌಂಟ್ ಆಲ್ಬರ್ಟಿನ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದೆ. ಬೂಟಿನಿಂದ ಹಿಡಿದು ಕ್ಯಾಂಪಿಂಗ್ ಸಾಮಾನಿನ ತನಕ ಎಲ್ಲ ಸಿಗುವ ಅಂಗಡಿ. ಎದುರಿಗೇ ನ್ಯೂ ನಾರ್ತ್ ರಸ್ತೆ, ವಾಹನಗಳು ಒಂದರ ಹಿಂದೊಂದು. ನಾವಿಬ್ಬರೂ ಬೂಟಿನ ಅಳತೆ ನೋಡುತ್ತಿದ್ದೆವು, ತಳ್ಳುಗಾಡಿಯ ಕೂಸು ಚೀರಿತು, ಆಕೆ ಅದನ್ನು ಎತ್ತಿಕೊಂಡು ತಿರುಗಿದರೆ ಹುಡುಗಿ ಇಲ್ಲ.

ಅಂಗಡಿಯ ಮೂಲೆ ಮೂಲೆ ನೋಡಿದೆ. ರಸ್ತೆಗೆ ಓಡಿದೆ. ಹಿಂದೆ ಸಾಮಾನು ಹೇರಿದ ಒಂದು ಪಿಕಪ್ ಗಾಡಿ ಭರ್ರೆಂದು ಹೋಯಿತು, ನನ್ನ ಜೀವ ಬಾಯಿಗೆ ಬಂತು. ವಾಪಸು ಬಂದರೆ ಕೌಂಟರಿನವನು ಮೈಕು ಹಿಡಿದು ಕೇಳುತ್ತಿದ್ದ, “ಹೆಸರೇನು?”

“ನನ್ನ ಮಗಳು. ಆರು ವರ್ಷ. ಹಳದಿ ಫ್ರಾಕು” ಅಂದಳು ಆಕೆ.

“ಅದಾಯಿತು, ಹೆಸರು?”

“ನನ್ನ ಮಗಳು” ಎಂದಳು ಮತ್ತೆ. ಅವನು ನನ್ನನ್ನು ನೋಡಿದ. ಆಗ ನನಗೆ ಹೊಳೆಯಿತು, ನನಗೂ ಆ ಹೆಸರು ಗೊತ್ತಿಲ್ಲ! ಉಂಡಿ ತಿಂದು ನಮ್ಮ ಮನೆಯಲ್ಲೇ ಬೆಳೆದಂತಿದ್ದ ಕೂಸಿನ ಹೆಸರನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅವಳ ಗಂಡನಿಗೆ ಫೋನು ಮಾಡಿದೆ. ಕೋಲ್ಡ್ ಸ್ಟೋರಿನ ಒಳಗೆ ಫೋನು ಒಯ್ಯುವಂತಿಲ್ಲ, ಅದು ರಿಂಗಾಗಿ ರಿಂಗಾಗಿ ನಿಂತಿತು. ಕೌಂಟರಿನವನು ಹಳದಿ ಫ್ರಾಕಿನ ಹುಡುಗಿ ಮುಂದೆ ಬರಬೇಕು ಎಂದು ಮೈಕಿನಲ್ಲಿ ಕೂಗಿದ. ಯಾರೂ ಬರಲಿಲ್ಲ. ಅವನು ಪೊಲೀಸರಿಗೆ ಫೋನು ಮಾಡಿದ.

ಬಂದ ಪೊಲೀಸ್ ಹೆಂಗಸು ಒಳ್ಳೆಯವಳೇ. ಆದರೆ ತಾಯಿ ಮಗಳ ಹೆಸರು ಹೇಳುತ್ತಿಲ್ಲ ಎಂದು ಗೊತ್ತಾದ ಕೂಡಲೇ ಅವಳ ಮುಖ ಬದಲಾಯಿತು. ನನ್ನನ್ನು ಪಕ್ಕಕ್ಕೆ ಕರೆದು, ಈಕೆ ನಿಜಕ್ಕೂ ತಾಯಿಯೇನಾ ಎಂದು ಮೆಲ್ಲಗೆ ಕೇಳಿದಳು. ನನಗೆ ಸಿಟ್ಟು ನೆತ್ತಿಗೇರಿತು. “ತಾಯಿಯಲ್ಲದೆ ಮತ್ತೇನು? ಪದ್ಧತಿ ಅದು!” ಎಂದು ಅರಚಿದೆ. ತಾಯಿಯ ಇಂಗ್ಲಿಷಂತೂ ಗಾಬರಿಗೆ ಪೂರಾ ಹಾರಿಹೋಗಿತ್ತು, ಏನೇನೋ ತನ್ನ ಭಾಷೆಯಲ್ಲೇ ಹೇಳುತ್ತಿದ್ದಳು. ಫೋನಿನಲ್ಲಿ ದುಭಾಷಿಯನ್ನು ಹಿಡಿಯೋಣ ಎಂದಳು ಪೊಲೀಸಿನವಳು. ಯಾವ ಭಾಷೆ?

ಫುಲ್ಫುಲ್ದೆ ಎಂದೆ. ಅಂಥದ್ದು ಇಲ್ಲವಂತೆ. ಫುಲಾನಿ ನೋಡಿ ಎಂದೆ. ಅದೂ ಇಲ್ಲ. ಫ್ರೆಂಚ್ ಆದೀತಾ ಎಂದಳು. ಬೇಲಿಯ ಬಳಿ ನಗುತ್ತ ಕೇಳಿದ ಹೆಸರುಗಳನ್ನೆಲ್ಲ ಒಂದೊಂದಾಗಿ ಅಳುಕಿನಿಂದ ಹೇಳಿದೆ. ಫುಲಾ ಎಂದಾಗ ಸಿಕ್ಕಿತು. ಅಷ್ಟು ಹೊತ್ತು ಹುಡುಗಿ ಎಲ್ಲಿದ್ದಾಳೋ ಏನೋ!

ಫೋನಿನ ಆಚೆ ಇದ್ದವಳು ಗಿನಿಯವಳು. ಇಬ್ಬರ ಮಾತೂ ತಡವರಿಸುತ್ತ ಸಾಗಿತು. ಅರ್ಧ ತಿಳಿಯುತ್ತದೆ, ಅರ್ಧ ಊಹೆ ಎಂದು ದುಭಾಷಿಯೇ ಒಪ್ಪಿಕೊಂಡಳು. ಆದರೆ ಹೆಸರಿನ ವಿಷಯ ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. “ನಮ್ಮ ಕಡೆ ಈಗ ಕಡಿಮೆ. ನನ್ನ ಅಜ್ಜಿ ಹೀಗೇ ಇದ್ದಳು. ಈಕೆ ತಾಯಿಯೇ, ಅದಕ್ಕೇ ಹೇಳುತ್ತಿಲ್ಲ” ಎಂದಳು.

ಪೊಲೀಸಿನವಳು ತಲೆಯಾಡಿಸಿದಳು. ತಾಯಿಯ ಮೇಲಿನ ಸಂಶಯ ಹೋಗಿತ್ತು. ಆದರೂ ಹೆಸರು ಬೇಕು, ಹುಡುಗಿ ರಸ್ತೆಗೆ ಹೋಗಿದ್ದರೆ ಅಲ್ಲಿಯೂ ಕೂಗಬೇಕು ಎಂದಳು. ತಾಯಿ ನೆಲ ನೋಡುತ್ತ ನಿಂತಳು. ಹಣೆಯಿಂದ ಬೆವರು ಇಳಿಯುತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಏ ಯವ್ವಾ, ಹೇಳಿಬಿಡು! ಕೂಸು ಇದ್ದರಲ್ಲೇನು ನಿನ್ನ ಪದ್ಧತಿ!” ಎಂದು ಕನ್ನಡದಲ್ಲೇ ಗದರಿದೆ. ಅವಳಿಗೆ ಕನ್ನಡ ಬಾರದು, ಆದರೆ ತಿಳಿಯಿತು. ಆ ಗದರಿಕೆಗೆ ನಾನು ಈಗಲೂ ಕ್ಷಮೆ ಕೇಳಲಾರೆ. ಮಗು ಕಾಣದಿದ್ದಾಗ ಇನ್ನೇನು ಹೇಳಬೇಕಿತ್ತು?

ಆಕೆ ಮೈಕು ತೆಗೆದುಕೊಂಡಳು. ಕಣ್ಣು ಮುಚ್ಚಿ ಮಗಳ ಹೆಸರು ಹೇಳಿದಳು. ಮೊದಲ ಸಲ ದನಿ ಹೊರಡಲಿಲ್ಲ. ಆಮೇಲೆ ಇಡೀ ಅಂಗಡಿಗೆ ಕೇಳುವಂತೆ ಕೂಗಿದಳು, ಮತ್ತೆ ಕೂಗಿದಳು. ಸಾಮಾನು ಆರಿಸುತ್ತಿದ್ದವರೆಲ್ಲ ತಿರುಗಿ ನಿಂತರು. ಎಂಥ ಚಂದದ ಹೆಸರು ಎಂದು ಆ ಸಂಕಟದಲ್ಲೂ ಅನ್ನಿಸಿತು.

ಯಾರೂ ಬರಲಿಲ್ಲ.

ಅವಳ ಮುಖ ನೋಡಲಾಗಲಿಲ್ಲ ನನ್ನಿಂದ. ಹೆಸರು ಕೂಗಿಯೂ ಮಗಳು ಬರಲಿಲ್ಲವೆಂದರೆ ಅವಳ ಮನಸ್ಸಿಗೆ ಏನೇನು ಬಂದಿರಬೇಕು! ಮೈಕು ಕೆಳಗಿಟ್ಟು, ಕೂಸನ್ನು ನನ್ನ ತೋಳಿಗೆ ಹಾಕಿ, ಕಪಾಟುಗಳ ನಡುವೆ ನಡೆಯತೊಡಗಿದಳು. ದಿನವೂ ಬೇಲಿಯಿಂದ ಕರೆಯುವ ಹಾಗೆ, ಜೋರೂ ಅಲ್ಲದ ಮೆಲ್ಲಗೂ ಅಲ್ಲದ ದನಿಯಲ್ಲಿ, “ದೊಡ್ಡವಳೇ... ದೊಡ್ಡವಳೇ...”

ಅಂಗಡಿಯ ಹಿಂಭಾಗದಲ್ಲಿ ಮಾದರಿಗೆಂದು ನಿಲ್ಲಿಸಿದ್ದ ಟೆಂಟುಗಳಿದ್ದವು. ಒಂದರ ಜಿಪ್ಪು ಒಳಗಿನಿಂದ ಸರಿಯಿತು. ಹಳದಿ ಫ್ರಾಕು ಹೊರಗೆ ಬಂತು.

ತಾಯಿ ಅವಳನ್ನು ಅವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಅಷ್ಟು ಕೂಗಿದರೂ ಯಾಕೆ ಬರಲಿಲ್ಲ ಎಂದು ಪೊಲೀಸಿನವಳು ಮೊಣಕಾಲೂರಿ ಕೇಳಿದಳು. ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು, “ಯಾರೋ ನನ್ನ ಹೆಸರು ಕೂಗುತ್ತಿದ್ದರು. ದನಿ ಮಮ್ಮಿಯದೇ ಇದ್ದಂತಿತ್ತು. ಆದರೆ ಮಮ್ಮಿ ಹಾಗೆ ಕರೆಯುವುದೇ ಇಲ್ಲ. ಹೆದರಿಕೆಯಾಯಿತು. ಅದಕ್ಕೇ ಜಿಪ್ಪು ಹಾಕಿಕೊಂಡೆ.”

ತಾಯಿ ಅದನ್ನು ಕೇಳಿಸಿಕೊಂಡಳು. ಅವಳ ಇಂಗ್ಲಿಷ್ ಅಷ್ಟರಲ್ಲಿ ಮರಳಿತ್ತು, ಎಲ್ಲವೂ ತಿಳಿಯಿತು.

ಬೂಟು ಕೊಳ್ಳದೆಯೇ ಹೊರಟೆವು. ಕಾರಿನ ಕನ್ನಡಿಯಲ್ಲಿ ನೋಡಿದರೆ ಆಕೆ ಸೆರಗಿನಂಥ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ಹುಡುಗಿ ತುಂಬ ಹೊತ್ತು ಅವಳನ್ನೇ ನೋಡಿದಳು. ಆಮೇಲೆ ಅವಳ ತೋಳು ಎಳೆದು ಮೆತ್ತಗೆ ಅಂದಳು, “ಮಮ್ಮಿ, ಇನ್ನೊಂದು ಸಲ ಹೇಳು. ಈ ಸಲ ಬರುತ್ತೇನೆ.”

ತಾಯಿ ಹೇಳಲಿಲ್ಲ. ಹಿಲ್ಸ್‌ಬರೋ ಮುಟ್ಟುವ ತನಕ ಹುಡುಗಿ ಕಾಯುತ್ತಲೇ ಇದ್ದಳು.